ಅಜ್ಜಿ ಕೊಟ್ಟ ಮಾರ್ಕ್ಸು

ಹೋದ ತಿಂಗಳು ಕ್ಯಾಂಟೀನಲ್ಲಿ ನಮ್ಮ ಕ್ಲಾಸಿನ ಇಬ್ಬರು ಹುಡುಗರು ಜೋರಾಗಿ ಜಗಳ ಆಡ್ತಿದ್ರು. ವಿಷಯ ಏನಪ್ಪಾ ಅಂದ್ರೆ, ಐ20 ಎನ್ ಲೈನ್ ಚೆನ್ನಾಗಿದೆಯೋ ಆಲ್ಟ್ರೋಜ್ ರೇಸರ್ ಚೆನ್ನಾಗಿದೆಯೋ ಅಂತ. ಇಬ್ಬರ ಹತ್ರಾನೂ ಎರಡರಲ್ಲಿ ಒಂದು ಕಾರೂ ಇಲ್ಲ. ಒಬ್ಬ ಅಪ್ಪನ ಹಳೇ ಸ್ಪ್ಲೆಂಡರ್ ಓಡಿಸ್ತಾನೆ, ಇನ್ನೊಬ್ಬನ ಹತ್ರ ಬಸ್ ಪಾಸ್ ಇದೆ. ಆದ್ರೂ ಇಡ್ಲಿ ತಣ್ಣಗಾದ್ರೂ ಬಿಡಲಿಲ್ಲ. "ಆ ಮ್ಯಾಗಜೀನಲ್ಲಿ ಇದಕ್ಕೇ ಜಾಸ್ತಿ ಸ್ಟಾರ್ ಕೊಟ್ಟಿದಾರೆ" ಅಂತ ಒಬ್ಬ, "ಈ ಮ್ಯಾಗಜೀನಲ್ಲಿ ಅದು ಫಸ್ಟ್ ಬಂದಿದೆ" ಅಂತ ಇನ್ನೊಬ್ಬ. ಕೊನೆಗೆ ಇಬ್ಬರೂ ನನ್ನ ಕಡೆ ತಿರುಗಿದ್ರು. "ನೀನು ಹೇಳೇ, ನೀನು ಇದನ್ನೆಲ್ಲಾ ಓದ್ತೀಯಲ್ಲ."

ನಾನು ಏನೂ ಹೇಳಲಿಲ್ಲ. ಗೊತ್ತಿಲ್ಲದೆ ಅಲ್ಲ. ಹೇಳೋಕೆ ಹೋದ್ರೆ ನಮ್ಮಜ್ಜಿ ಕಥೆಯಿಂದ ಶುರು ಮಾಡ್ಬೇಕು, ಹತ್ತು ನಿಮಿಷದ ಬ್ರೇಕಲ್ಲಿ ಅದು ಮುಗಿಯಲ್ಲ. ಕನ್ನಡ ಬಳಗದವರು ಏನಾದ್ರೂ ಬರ್ಕೊಡು ಅಂತ ಎರಡು ತಿಂಗಳಿಂದ ಹಿಂದೆ ಬಿದ್ದಿದ್ರು, ಅದಕ್ಕೇ ಇಲ್ಲೇ ಬರೀತಿದೀನಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಓದಿದ್ದೆಲ್ಲಾ ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಇಷ್ಟುದ್ದ ಬರೀತಿರೋದು ಇದೇ ಮೊದಲ ಸಲ. ಒತ್ತಕ್ಷರ ತಪ್ಪಿದ್ರೆ ಕ್ಷಮಿಸಿ.

ನಮ್ಮೂರು ಗುಡವಿ. ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕು. ಸೊರಬದಿಂದ ಸುಮಾರು 16 ಕಿಲೋಮೀಟರ್. ಹೊರಗಿನವರಿಗೆ ನಮ್ಮೂರು ಗೊತ್ತಿದ್ರೆ ಅದು ಪಕ್ಷಿಧಾಮದಿಂದ. ಮಳೆಗಾಲ ಶುರುವಾದ್ರೆ ಕೆರೆ ಮಧ್ಯದ ಮರಗಳ ತುಂಬಾ ಬೆಳ್ಳಕ್ಕಿ, ಕೆಂಬರಲು, ನೀರುಕಾಗೆಗಳ ಗೂಡು. ಆಗ ಬೆಂಗಳೂರು, ಹುಬ್ಬಳ್ಳಿ ಕಡೆಯಿಂದ ಕಾರುಗಳು ಬರುತ್ತವೆ. ಬಂದವರು ಹಕ್ಕಿ ನೋಡ್ತಿದ್ರು, ಚಿಕ್ಕವಳಿದ್ದಾಗ ನಾನು ಅವರ ಕಾರು ನೋಡ್ತಿದ್ದೆ.

ಈ ಹುಚ್ಚು ಹತ್ತಿಸಿದ್ದು ನಮ್ಮ ಮಾವ, ಅಮ್ಮನ ತಮ್ಮ. ಪುಣೆಯಲ್ಲಿ ಕಾರಿನ ಬಿಡಿಭಾಗ ಮಾಡೋ ಫ್ಯಾಕ್ಟರಿಯಲ್ಲಿ ಕೆಲಸ. ಪ್ರತಿ ದೀಪಾವಳಿಗೆ ಬರುವಾಗ ಓದಿ ಮುಗಿಸಿದ ಕಾರ್ ಮ್ಯಾಗಜೀನುಗಳನ್ನ ಹಗ್ಗ ಕಟ್ಟಿ ತರೋರು. ಆಟೋಕಾರ್ ಇಂಡಿಯಾ, ಓವರ್‌ಡ್ರೈವ್, ಇವೋ ಇಂಡಿಯಾ, ಎಲ್ಲಾ ಬೆರಕೆ. ಅಮ್ಮ ಅದನ್ನ ಅಟ್ಟಕ್ಕೆ ಹಾಕೋರು, ನಾನು ಇಳಿಸ್ತಿದ್ದೆ. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ಕರೆಂಟ್ ಹೋದ್ರೆ ಎರಡು ದಿನ ಇಲ್ಲ. ಟಿವಿ ಇಲ್ಲ, ಫೋನ್ ಚಾರ್ಜ್ ಇಲ್ಲ. ಕಿಟಕಿ ಪಕ್ಕ ಕೂತು ಒಂದೇ ಸಂಚಿಕೆಯನ್ನ ನಾಲ್ಕು ಸಲ ಓದಿದ್ದೂ ಇದೆ. ಇಂಗ್ಲಿಷ್ ಮೀಡಿಯಂ ಆಗಿದ್ರೂ 'ಅಂಡರ್‌ಸ್ಟಿಯರ್' ಅಂದ್ರೆ ಏನು ಅಂತ ಸ್ಕೂಲಲ್ಲಿ ಯಾರಿಗೂ ಗೊತ್ತಿರಲಿಲ್ಲ. ತಿರುವಿನಲ್ಲಿ ನೀವು ಸ್ಟಿಯರಿಂಗ್ ತಿರುಗಿಸಿದಷ್ಟು ಕಾರು ತಿರುಗದೆ ಹೊರಗಡೆಗೆ ಜಾರೋದು ಅಂತ ಮಾವ ಬಚ್ಚಲ ಮನೆ ಮುಂದೆ ಚೊಂಬು ಜಾರಿಸಿ ತೋರಿಸಿದ್ರು.

ಅದರಲ್ಲೆಲ್ಲಾ ನನಗೆ ಇಷ್ಟದ್ದು ಒಂದೇ, ಹಾಟ್ ಹ್ಯಾಚ್‌ಗಳ ಹೋಲಿಕೆ. ಗೊತ್ತಿಲ್ಲದವರಿಗೆ ಹೇಳ್ತೀನಿ. ಹ್ಯಾಚ್‌ಬ್ಯಾಕ್ ಅಂದ್ರೆ ಡಿಕ್ಕಿ ಹೊರಗೆ ಚಾಚದ, ಹಿಂದೆ ಮೇಲಕ್ಕೆ ಎತ್ತೋ ಬಾಗಿಲಿರೋ ಚಿಕ್ಕ ಕಾರು. ಅದೇ ಮನೆ ಕಾರಿಗೆ ಜೋರು ಎಂಜಿನ್, ಗಟ್ಟಿ ಸಸ್ಪೆನ್ಷನ್, ಅಗಲದ ಟೈರು ಹಾಕಿದ್ರೆ ಹಾಟ್ ಹ್ಯಾಚ್. ಯುರೋಪಿನಲ್ಲಿ 1976ರಲ್ಲಿ ಬಂದ ಗಾಲ್ಫ್ ಜಿಟಿಐ ಈ ಜಾತಿಗೆ ಹೆಸರು ತಂದುಕೊಡ್ತು, 110 ಪಿಎಸ್ ಅಷ್ಟೆ. 1984ರಲ್ಲಿ ಪ್ಯೂಜೋ 205 ಜಿಟಿಐ ಬಂತು. ಆಮೇಲೆ ಬ್ರಿಟನ್ನಿನ ಪತ್ರಿಕೆಗಳಿಗೆ ಇವೆರಡರಲ್ಲಿ ಯಾವುದು ಮೇಲು ಅನ್ನೋದೇ ಕೆಲಸ ಆಯ್ತು. ಆ ಜಗಳ ಇವತ್ತಿಗೂ ಮುಗಿದಿಲ್ಲ, ನಮ್ಮ ಕ್ಯಾಂಟೀನಿನ ಥರಾನೇ.

ನಮ್ಮ ದೇಶದಲ್ಲಿ ಕಥೆ ಸ್ವಲ್ಪ ಬೇರೆ. 2006ರಿಂದ ನಾಲ್ಕು ಮೀಟರಿಗಿಂತ ಚಿಕ್ಕದಾದ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗಿರೋ ಕಾರಿಗೆ ತೆರಿಗೆ ಕಡಿಮೆ. ಅದಕ್ಕೇ ನಮ್ಮ ಹಾಟ್ ಹ್ಯಾಚ್‌ಗಳು ಹೆಚ್ಚಿನವು 1 ಲೀಟರ್ ಇಲ್ಲಾ 1.2 ಲೀಟರ್ ಟರ್ಬೊ. 2013ರ ಪೋಲೊ ಜಿಟಿ ಟಿಎಸ್‌ಐ 105 ಪಿಎಸ್. 2017ರ ಬಲೆನೊ ಆರ್‌ಎಸ್ 102. 2018ರ ಟಿಯಾಗೊ ಜೆಟಿಪಿ 114. 2021ರ ಐ20 ಎನ್ ಲೈನ್, 2024ರ ಆಲ್ಟ್ರೋಜ್ ರೇಸರ್ ಎರಡೂ 120. ಈ ಲೆಕ್ಕ ಮೀರಿ ಬಂದವೂ ಇವೆ. 2015ರ ಅಬಾರ್ತ್ ಪುಂಟೊಗೆ 1.4 ಲೀಟರ್ ಎಂಜಿನ್, 145 ಪಿಎಸ್. 2016ರ ಪೋಲೊ ಜಿಟಿಐಗೆ 1.8 ಲೀಟರ್, 192 ಪಿಎಸ್, ಮೂರೇ ಬಾಗಿಲು, ಬೆಲೆ 25 ಲಕ್ಷ ದಾಟಿತ್ತು. 2025ರಲ್ಲಿ ಗಾಲ್ಫ್ ಜಿಟಿಐ ಕೂಡ ಬಂತು, 265 ಪಿಎಸ್, 53 ಲಕ್ಷ. ಅದು ನಮ್ಮಂಥೋರಿಗೆ ಪೋಸ್ಟರ್ ಅಷ್ಟೆ.

ಮ್ಯಾಗಜೀನಿನವರು ಇವನ್ನ ಅಳೆಯೋ ರೀತಿ ನೋಡಿದ್ರೆ ನಮ್ಮ ಲ್ಯಾಬ್ ನೆನಪಾಗುತ್ತೆ. ಎಲ್ಲಾ ಕಾರನ್ನೂ ಒಂದೇ ಜಾಗಕ್ಕೆ ತರ್ತಾರೆ. ಜಿಪಿಎಸ್‌ನಿಂದ ವೇಗ ದಾಖಲಿಸೋ ವಿಬಾಕ್ಸ್ ಅನ್ನೋ ಪೆಟ್ಟಿಗೆ ಕೂರಿಸ್ತಾರೆ, ಯಾಕಂದ್ರೆ ಕಾರಿನ ಸ್ಪೀಡೋಮೀಟರ್ ಸಾಮಾನ್ಯವಾಗಿ ಇರೋದಕ್ಕಿಂತ ಸ್ವಲ್ಪ ಜಾಸ್ತೀನೇ ತೋರಿಸುತ್ತೆ. ಸೊನ್ನೆಯಿಂದ 100ಕ್ಕೆ ಎಷ್ಟು ಸೆಕೆಂಡ್. ಮೂರನೇ ಗೇರಲ್ಲೇ 20ರಿಂದ 80, ನಾಲ್ಕರಲ್ಲೇ 40ರಿಂದ 100 ಎಷ್ಟು ಹೊತ್ತು, ಇದು ಓವರ್‌ಟೇಕ್‌ಗೆ ಸಂಬಂಧಪಟ್ಟಿದ್ದು. 80ರಿಂದ ಪೂರ್ತಿ ನಿಲ್ಲೋಕೆ ಎಷ್ಟು ಮೀಟರ್. ಮೈಲೇಜಿಗೆ ಟ್ಯಾಂಕ್ ಕಂಠಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಅಷ್ಟೇ ತುಂಬಿಸಿ ಎಷ್ಟು ಹಿಡೀತು ಅಂತ ಲೆಕ್ಕ. ಇದೆಲ್ಲಾ ಆದ್ಮೇಲೆ ಘಟ್ಟದ ರಸ್ತೆಯಲ್ಲಿ ಓಡಿಸಿ, ಹಿಂದೆ ಮುಂದೆ ಕೂತು ನೋಡಿ, ಕೊನೆಗೆ ಒಂದು ಟೇಬಲ್. ಎಂಜಿನ್‌ಗೆ ಇಷ್ಟು, ಹ್ಯಾಂಡ್ಲಿಂಗ್‌ಗೆ ಇಷ್ಟು, ಆರಾಮಕ್ಕೆ ಇಷ್ಟು, ಕೊಟ್ಟ ದುಡ್ಡಿಗೆ ಇಷ್ಟು. ಎಲ್ಲಾ ಕೂಡಿಸಿ ಒಂದು ನಂಬರು. ಕೆಲವರು ಹತ್ತಕ್ಕೆ ಮಾರ್ಕ್ಸ್, ಕೆಲವರು ಸ್ಟಾರು.

ನಾನು ಮೊದಲು ತೆಗೀತಿದ್ದದ್ದೇ ಆ ಕೊನೇ ಪುಟ.

ಸೆಕೆಂಡ್ ಪಿಯು ಪರೀಕ್ಷೆ ಮುಗಿದ ವಾರ ಅಪ್ಪ ಊಟಕ್ಕೆ ಕೂತಾಗ ಹೇಳಿದ್ರು, "ಈ ಸಲ ಶುಂಠಿಗೆ ಒಳ್ಳೆ ರೇಟ್ ಬಂದಿದೆ. ಸೆಕೆಂಡ್ ಹ್ಯಾಂಡ್ ಕಾರೊಂದು ತಗಳಣ ಅಂತಿದೀನಿ. ಯಾವ್ದು ಅಂತ ನೀನೇ ನೋಡು." ನಮ್ಮ ಮನೆಗೆ ಮೊದಲ ಕಾರು. ಶುಂಠಿ ಬೆಳೆದವರ ಮನೆಯವರಿಗೆ ಗೊತ್ತಿರುತ್ತೆ, ಒಂದು ವರ್ಷ ಬಂದ ದುಡ್ಡು ಮುಂದಿನ ವರ್ಷ ಕೊಳೆರೋಗಕ್ಕೆ ಹೋಗುತ್ತೆ. ಅಂಥ ದುಡ್ಡು ಅದು. ನೆಂಟರೊಬ್ಬರು ನನ್ನೆದುರೇ ಕೇಳಿದ್ರು, "ಹುಡುಗಿ ಮಾತು ಕೇಳ್ಕೊಂಡು ಕಾರ್ ತಗೋತೀಯೇನೋ?" ಅಪ್ಪ ನಕ್ಕು ಹೇಳಿದ್ರು, "ಅವಳಷ್ಟು ಓದಿದೋರು ನಮ್ಮಲ್ಲಿ ಯಾರಿದಾರೆ ಮಾರಾಯ."

ನಾನು ಗ್ರಾಫ್ ಪುಸ್ತಕ ತೆಗೆದೆ. ಅಟ್ಟದ ಸಂಚಿಕೆಗಳನ್ನೆಲ್ಲಾ ಹರಡಿಕೊಂಡು ಎರಡು ಕಾರು ಆರಿಸಿದೆ. ಒಂದು ಹಾಟ್ ಹ್ಯಾಚ್, ಅದಕ್ಕೆ 'ಎ' ಅನ್ನೋಣ. ಇನ್ನೊಂದು ಸಾದಾ ಹ್ಯಾಚ್‌ಬ್ಯಾಕ್, 'ಬಿ'. ಕಂಪನಿ ಹೆಸರು ಹೇಳಲ್ಲ, ಇದರಲ್ಲಿ ಅವರ ತಪ್ಪೇನೂ ಇಲ್ಲ. ಐದು ವಿಷಯ, ಹತ್ತತ್ತು ಮಾರ್ಕ್ಸು. ವೇಗಕ್ಕೆ 'ಎ'ಗೆ 9, 'ಬಿ'ಗೆ 7. ಹ್ಯಾಂಡ್ಲಿಂಗ್‌ಗೂ 9 ಮತ್ತು 7. ಹಿಂದಿನ ಸೀಟು ಮತ್ತು ಆರಾಮಕ್ಕೆ 5 ಮತ್ತು 8. ಮೈಲೇಜಿಗೆ 6 ಮತ್ತು 8. ಸರ್ವೀಸಿಗೂ 6 ಮತ್ತು 8. ಆಮೇಲೆ ಪ್ರತಿಯೊಂದಕ್ಕೂ ತೂಕ. ವೇಗಕ್ಕೆ ನೂರರಲ್ಲಿ 30, ಹ್ಯಾಂಡ್ಲಿಂಗ್‌ಗೆ 30, ಆರಾಮಕ್ಕೆ 15, ಮೈಲೇಜಿಗೆ 15, ಸರ್ವೀಸಿಗೆ 10. ಈ ತೂಕ ಎಲ್ಲಿಂದ ಬಂತು ಅಂತ ಕೇಳ್ಬೇಡಿ. ನನಗೆ ಇಷ್ಟ ಬಂದ ಹಾಗೆ ಹಾಕಿದ್ದು. ಲೆಕ್ಕ ಹಾಕಿದ್ರೆ 'ಎ'ಗೆ 7.65, 'ಬಿ'ಗೆ 7.40. ಅಪ್ಪಂಗೆ ಪುಸ್ತಕ ತೋರಿಸಿದೆ. ಎರಡು ದಶಮಾಂಶ ಇರೋ ನಂಬರ್ ನೋಡಿದ್ರೆ ಯಾರೂ ಪ್ರಶ್ನೆ ಕೇಳಲ್ಲ ಅಂತ ಅವತ್ತು ಗೊತ್ತಾಯ್ತು.

ಕಾರು ಬಂತು. ಮೊದಲ ಮೂರು ತಿಂಗಳು ನಾನು ನೆಲದ ಮೇಲೆ ಇರಲಿಲ್ಲ. ಹದಿನೆಂಟು ತುಂಬಿ ಲೈಸೆನ್ಸ್ ಬಂದಿತ್ತು. ಸೊರಬದ ಕಡೆ ಒಂದು ನೇರ ರಸ್ತೆಯಲ್ಲಿ ಮೂರನೇ ಗೇರಲ್ಲಿ ಒತ್ತಿದ್ರೆ ಟರ್ಬೊ ಎದ್ದು ಬೆನ್ನಿಗೆ ಯಾರೋ ಕೈ ಕೊಟ್ಟು ದೂಡಿದ ಹಾಗೆ ಆಗೋದು. ಓದಿದ್ದೆಲ್ಲಾ ನಿಜ ಅನ್ನಿಸ್ತು. ಅಜ್ಜಿ ಮಾತ್ರ ಒಂದೇ ಸಲ ಕೂತಿದ್ದು, ಚಂದ್ರಗುತ್ತಿಗೆ ಹೋಗಿ ಬಂದಾಗ. ಇಳಿದು ಸೊಂಟ ಹಿಡ್ಕೊಂಡು "ಚೆಂದ ಐತೆ" ಅಂದಿದ್ರು. ನಾನು ಅದನ್ನ ಹೊಗಳಿಕೆ ಅಂದ್ಕೊಂಡೆ.

ಆ ವರ್ಷ ಮಳೆಗಾಲದಲ್ಲಿ, ನಾನು ಸಿಇಟಿ ಕೌನ್ಸೆಲಿಂಗ್ ಕಾಯ್ತಾ ಮನೇಲಿದ್ದಾಗ, ಒಂದು ರಾತ್ರಿ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ರು. ಬಲಗಾಲು ಮೊಣಕಾಲಿನ ಕೆಳಗೆ ಊದಿ ಹೋಗಿತ್ತು, ಮಡಚೋಕೆ ಆಗ್ತಿರಲಿಲ್ಲ. ಕರೆಂಟ್ ಇಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ, 108ಕ್ಕೆ ಕರೆ ಹೋಗಲಿಲ್ಲ. ಕಾರಿದೆಯಲ್ಲ ಅಂತ ಅಪ್ಪ ತೆಗೆದ್ರು.

ಮೊದಲ ತೊಂದರೆ ಹತ್ತಿಸೋದ್ರಲ್ಲೇ. ಹಾಟ್ ಹ್ಯಾಚ್ ತಗ್ಗಿಗೆ ಇರುತ್ತೆ, ಸೀಟೂ ತಗ್ಗು. ಹಿಂದಿನ ಬಾಗಿಲು ಸಣ್ಣದು, ಮೇಲಿನ ಛಾವಣಿ ಹಿಂದಕ್ಕೆ ಇಳಿಜಾರು. ಕಾಲು ಮಡಚದವರು ಒಳಗೆ ಹೋಗ್ಬೇಕಂದ್ರೆ ಮೊದಲು ತಲೆ ತಗ್ಗಿಸಬೇಕು, ಆಮೇಲೆ ಸೊಂಟ ತಿರುಗಿಸಬೇಕು, ಆಮೇಲೆ ಕುಸಿಯಬೇಕು. ಅಪ್ಪ ಒಂದು ಕಡೆ, ಅಮ್ಮ ಒಂದು ಕಡೆ, ನಾನು ಆ ಕಡೆ ಬಾಗಿಲಿಂದ ಒಳಗೆ ನುಗ್ಗಿ ತೋಳು ಹಿಡಿದು ಎಳೀತಿದ್ದೆ. ಅಜ್ಜಿ ಕೂಗಿಕೊಂಡಿದ್ದು ಇವತ್ತಿಗೂ ಕಿವಿಯಲ್ಲಿದೆ. ಹೊರಟ ಮೇಲೆ ಪ್ರತಿ ಗುಂಡಿಗೂ ಒಂದೊಂದು ಕೂಗು. ಅಪ್ಪ ಇಪ್ಪತ್ತರಲ್ಲಿ ಓಡಿಸಿದ್ರು. 100ಕ್ಕೆ ಎಷ್ಟು ಸೆಕೆಂಡ್ ಅಂತ ಬಾಯಿಪಾಠ ಇದ್ದ ಕಾರು ಇಪ್ಪತ್ತರಲ್ಲಿ ಹೋಗ್ತಿತ್ತು.

ಅರ್ಧ ದಾರಿಯಲ್ಲಿ ನೀರು ತುಂಬಿದ ಗುಂಡಿಯೊಂದಕ್ಕೆ ಮುಂದಿನ ಚಕ್ರ ಬಿತ್ತು. ಡಬ್ ಅಂತ ಸದ್ದು. ಟೈರಿನ ಪಕ್ಕೆ ಸೀಳಿತ್ತು. ಇದರ ಲೆಕ್ಕ ಆಮೇಲೆ ಹಾಕಿದೆ. ಉದಾಹರಣೆಗೆ 195/55 ಟೈರು ಅಂದ್ರೆ ಅಗಲ 195 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ. 55, ಅಂದ್ರೆ ಸುಮಾರು 107 ಮಿಲಿಮೀಟರ್. ಸಾದಾ ಕಾರಿನ 165/80 ಟೈರಿಗೆ 132. ಗುಂಡಿ ಅಂಚಿಗೂ ರಿಮ್ಮಿಗೂ ಮಧ್ಯೆ ಇರೋ ರಬ್ಬರ್ ಅಷ್ಟು ಕಡಿಮೆ. ತಿರುವಿನಲ್ಲಿ ಟೈರು ಓಲಾಡದೆ ಗಟ್ಟಿಯಾಗಿ ಹಿಡಿಯೋದಕ್ಕೂ ಆ ಗಿಡ್ಡ ಪಕ್ಕೆಯೇ ಒಂದು ಕಾರಣ. ಹ್ಯಾಂಡ್ಲಿಂಗ್‌ಗೆ 9 ಕೊಟ್ಟಿದ್ನಲ್ಲ, ಅದರ ಬೆಲೆ ಆ ಗುಂಡಿಯಲ್ಲಿ ಕಟ್ಟಿದ್ವಿ.

ಸ್ಟೆಪ್ನಿ ಹಾಕೋಣ ಅಂದ್ರೆ ರಸ್ತೆ ಪಕ್ಕ ಕೆಸರು, ಜ್ಯಾಕ್ ಇಟ್ಟರೆ ಅದೇ ಹೂತುಹೋಗ್ತಿತ್ತು. ಅಜ್ಜಿನ ಇಳಿಸೋ ಹಾಗಿಲ್ಲ. ಅಪ್ಪ ಮಳೆಯಲ್ಲಿ ಕೊಡೆ ಹಿಡ್ಕೊಂಡು ದಿಬ್ಬ ಹತ್ತಿ ನೆಟ್‌ವರ್ಕ್ ಹುಡುಕಿದ್ರು. ಒಂದು ಕಡ್ಡಿ ಬಂತು, ಪಕ್ಕದ ಮನೆ ಅಣ್ಣಂಗೆ ಕರೆ ಹೋಯ್ತು. ಅವರು ತಮ್ಮ ಓಮ್ನಿ ತಂದ್ರು. ಅಡಿಕೆ ಚೀಲ ಸಾಗಿಸೋ, ಬಣ್ಣ ಹೋದ ಹಳೇ ಮಾರುತಿ ಓಮ್ನಿ. ಬಾಗಿಲು ಪಕ್ಕಕ್ಕೆ ಸರ್ ಅಂತ ಜಾರ್ತು. ಸೀಟು ಅಜ್ಜಿ ಸೊಂಟದ ಎತ್ತರಕ್ಕೇ ಇತ್ತು. ಇಬ್ಬರು ಎತ್ತಿ ಕೂರಿಸಿ ಹಿಂದಕ್ಕೆ ಸರಿಸಿದ್ರು, ಕಾಲು ಸೀಟಿನುದ್ದಕ್ಕೆ ಚಾಚಿದ್ರು. ಒಂದು ನಿಮಿಷವೂ ಹಿಡೀಲಿಲ್ಲ. ಸೊರಬದ ಆಸ್ಪತ್ರೆಗೆ ಹೋಗಿ, ಕಾಲಿಗೆ ಪಟ್ಟಿ ಕಟ್ಟಿಸಿ, ಅಲ್ಲಿಂದ ಶಿರಾಳಕೊಪ್ಪ, ಶಿಕಾರಿಪುರ ದಾಟಿ ಬೆಳಗಿನ ಜಾವ ಶಿವಮೊಗ್ಗ ಮುಟ್ಟಿದ್ವಿ. ಆಪರೇಷನ್ ಆಯ್ತು, ಒಳಗೆ ರಾಡ್ ಹಾಕಿದ್ರು. ಈಗ ಅಜ್ಜಿ ಕೋಲು ಹಿಡ್ಕೊಂಡು ಓಡಾಡ್ತಾರೆ.

ಆಸ್ಪತ್ರೆ ಬೆಂಚಿನ ಮೇಲೆ ಕೂತು ನಾನು ಅಪ್ಪಂಗೆ ಹೇಳಿದೆ, "ನಂದೇ ತಪ್ಪು." ಅಪ್ಪ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ತಗಳೋ ಮೊದ್ಲು ಅಜ್ಜಿನ ಒಂದ್ಸಲ ಹಿಂದೆ ಕೂರ್ಸಿ ನೋಡ್ಬೇಕಿತ್ತು, ಅಷ್ಟೇಯ" ಅಂದ್ರು. ಅವತ್ತು ಫೋನಿನ ಕ್ಯಾಲ್ಕ್ಯುಲೇಟರಲ್ಲಿ ಅದೇ ಮಾರ್ಕ್ಸ್ ಇಟ್ಕೊಂಡು ಐದಕ್ಕೂ ಸಮ ತೂಕ ಹಾಕಿದೆ. 'ಎ'ಗೆ 7.0, 'ಬಿ'ಗೆ 7.6. ಒಂದು ಮಾರ್ಕ್ಸೂ ಬದಲಾಗಿಲ್ಲ, ಗೆದ್ದೋರು ಬದಲಾದ್ರು. ನಾನು ಕಾರು ಅಳೆದಿದ್ದೀನಿ ಅಂದ್ಕೊಂಡಿದ್ದೆ. ನಿಜ ಹೇಳ್ಬೇಕಂದ್ರೆ ನನಗೇನು ಬೇಕು ಅನ್ನೋದನ್ನ ಮೊದಲೇ ತೀರ್ಮಾನ ಮಾಡಿ, ಅದು ಬರೋ ಹಾಗೆ ತೂಕ ಇಟ್ಟಿದ್ದೆ. ಲ್ಯಾಬಲ್ಲಿ ಗ್ರಾಫ್ ಮೊದಲು ಬರೆದು ರೀಡಿಂಗ್ ಆಮೇಲೆ ಬರೀತೀವಲ್ಲ, ಹಾಗೆ.

ಕೋಪ ಬಂದಿದ್ದು ಮ್ಯಾಗಜೀನ್ ಮೇಲೂ. ಕಾರು ಕಂಪನಿಯವರೇ ಟೆಸ್ಟಿಗೆ ಕಾರು ಕೊಡ್ತಾರೆ, ಅವರೇ ಜಾಹೀರಾತೂ ಕೊಡ್ತಾರೆ, ಇವರು ಹೊಗಳದೆ ಏನ್ ಮಾಡ್ತಾರೆ ಅಂತ. ಊರಿಗೆ ಬಂದು ಅದೇ ಸಂಚಿಕೆ ಹುಡುಕಿ ತೆಗೆದೆ, ತಪ್ಪು ಹಿಡಿಯೋಣ ಅಂತಾನೇ. ಈ ಸಲ ಕೊನೇ ಪುಟ ಬಿಟ್ಟು ಮೊದಲಿಂದ ಓದಿದೆ. ಎಲ್ಲಾ ಬರೆದಿತ್ತು. ರೈಡ್ 'ಫರ್ಮ್' ಅಂತ ಇತ್ತು. 'ವೇಗ ಹೆಚ್ಚಾದಂತೆ ರೈಡ್ ಸುಧಾರಿಸುತ್ತೆ' ಅನ್ನೋ ಅರ್ಥದ ಸಾಲಿತ್ತು. ಹಿಂದಿನ ಸೀಟು 'ಸ್ನಗ್' ಅಂತ ಇತ್ತು. ಓಡಿಸೋ ಖುಷಿಗೆ ತಗೊಳ್ಳೋರಿಗೆ ಮಾತ್ರ ಅಂತಾನೂ ಇತ್ತು. ನಾಲ್ಕು ಸಲ ಓದಿದ್ರೂ ನನಗೆ ಕಂಡಿರಲಿಲ್ಲ.

ಅವರ ಭಾಷೆಗೆ ಒಂದು ಡಿಕ್ಷನರಿ ಬೇಕು. 'ಫರ್ಮ್' ಅಂದ್ರೆ ಗುಂಡಿ ಎಲ್ಲಾ ಬೆನ್ನಿಗೆ ಗೊತ್ತಾಗುತ್ತೆ. 'ಸ್ಪೀಡ್ ಜಾಸ್ತಿ ಆದಾಗ ಸರಿಹೋಗುತ್ತೆ' ಅಂದ್ರೆ ನಿಧಾನಕ್ಕೆ ಹೋದ್ರೆ ಕುಲುಕುತ್ತೆ. 'ಸ್ನಗ್' ಅಂದ್ರೆ ಇಕ್ಕಟ್ಟು. 'ಕಾರ್ ಪ್ರಿಯರಿಗೆ' ಅಂದ್ರೆ ಮನೆಯವರನ್ನ ಕೇಳ್ಬೇಡಿ. ಬರೆದವರು ಸುಳ್ಳು ಹೇಳಿರಲಿಲ್ಲ. ಹಾಟ್ ಹ್ಯಾಚ್‌ಗಳನ್ನ ಹಾಟ್ ಹ್ಯಾಚ್‌ಗಳ ಜೊತೆ ಹೋಲಿಸಿ, ಓಡಿಸೋಕೆ ಯಾವುದು ಚೆಂದ ಅಂತ ಕೇಳಿ ಉತ್ತರ ಕೊಟ್ಟಿದ್ರು. ನಮ್ಮ ಮನೆ ಪ್ರಶ್ನೆಗೆ ಅವರ ಉತ್ತರ ಕದ್ದು ಬರೆದವಳು ನಾನು.

ಇಲ್ಲಿಗೆ ಮುಗಿಸಬಹುದಿತ್ತು. ಆದ್ರೆ ಫಸ್ಟ್ ಇಯರ್ ಮುಗಿಸಿ ರಜೆಗೆ ಊರಿಗೆ ಹೋದಾಗ, ಈ ಸಲ ನಾನೇ ಸರಿಯಾಗಿ ಟೆಸ್ಟ್ ಮಾಡ್ತೀನಿ ಅಂತ ಹೊರಟೆ. ಮೂರು ಗಾಡಿ: ನಮ್ಮ ಹಾಟ್ ಹ್ಯಾಚ್, ದೊಡ್ಡಪ್ಪನ ಮಗನ ಸಾದಾ ಹ್ಯಾಚ್‌ಬ್ಯಾಕ್, ಪಕ್ಕದ ಮನೆ ಓಮ್ನಿ. ಫೈಫಾಕ್ಸ್ ಅಂತ ಒಂದು ಫ್ರೀ ಆ್ಯಪ್ ಇದೆ, ಜರ್ಮನಿಯ ಆಖೆನ್ ಯೂನಿವರ್ಸಿಟಿಯವರು ಮಾಡಿದ್ದು. ಫೋನಿನೊಳಗಿನ ಅಕ್ಸೆಲೆರೋಮೀಟರ್ ರೀಡಿಂಗನ್ನ ದಾಖಲಿಸುತ್ತೆ. ಫೋನನ್ನ ಹಿಂದಿನ ಸೀಟಿಗೆ ಟೇಪ್ ಹಾಕಿ ಅಂಟಿಸಿದೆ. ಮ್ಯಾಗಜೀನಿನವರ ನಿಯಮವೇ: ಅದೇ ರಸ್ತೆ, ಅದೇ ಡ್ರೈವರ್ (ಅಪ್ಪ), ಹೋಗ್ತಾ ಎರಡು ಸಲ, ಬರ್ತಾ ಎರಡು ಸಲ, 40ರ ವೇಗ. ಮೇಲೆ ಕೆಳಗೆ ಕುಲುಕೋದರ ಆರ್‌ಎಂಎಸ್ ಬೆಲೆ ತೆಗೆದೆ. ಇಂಥ ಕಂಪನ ಮೈಮೇಲೆ ಮಾಡೋ ಪರಿಣಾಮಕ್ಕೆ ಐಎಸ್‌ಒ 2631 ಅಂತ ಒಂದು ಸ್ಟ್ಯಾಂಡರ್ಡೇ ಇದೆ. ನಂದು ಅಷ್ಟು ಶುದ್ಧವಾದ ಲೆಕ್ಕ ಅಲ್ಲ, ಆದ್ರೆ ಹೋಲಿಸೋಕೆ ಸಾಕು.

ಫಲಿತಾಂಶ ಕೇಳಿ. 40ರಲ್ಲಿ ಸಾದಾ ಹ್ಯಾಚ್‌ಬ್ಯಾಕ್ ಎಲ್ಲಕ್ಕಿಂತ ಕಡಿಮೆ ಕುಲುಕಿತು. ನಮ್ಮದು ಅದಕ್ಕಿಂತ ಜಾಸ್ತಿ. ಒಳ್ಳೆ ಡಾಂಬರಿನ ಮೇಲೆ 70ಕ್ಕೆ ಹೋದಾಗ ಮಾತ್ರ ನಮ್ಮದು ಗಟ್ಟಿಯಾಗಿ ಕೂತು, ಸಾದಾ ಕಾರು ಮೇಲೆ ಕೆಳಗೆ ತೇಲಾಡ್ತು. ಮ್ಯಾಗಜೀನಿನ ಆ ಸಾಲು ಅಕ್ಷರಶಃ ನಿಜ. ಗ್ರಾಫಲ್ಲಿ ಅದನ್ನ ನೋಡಿದಾಗ ಬರೆದವರನ್ನ ಮನಸ್ಸಲ್ಲೇ ಕ್ಷಮೆ ಕೇಳಿದೆ. ಓಮ್ನಿಯನ್ನ 70ಕ್ಕೆ ಓಡಿಸೋ ಧೈರ್ಯ ಅಪ್ಪಂಗೆ ಬರಲಿಲ್ಲ. 40ರಲ್ಲಿ ಅದೇ ಎಲ್ಲಕ್ಕಿಂತ ಜಾಸ್ತಿ ಕುಲುಕಿತು, ನಮ್ಮ ಕಾರಿಗಿಂತಲೂ. ಹಿಂದೆ ಎತ್ತಿನಗಾಡಿ ಕಾಲದ ಪಟ್ಟಿ ಸ್ಪ್ರಿಂಗ್, ಭಾರ ಇಲ್ಲದಾಗ ಕುಪ್ಪಳಿಸುತ್ತೆ. ಮನೆಯಿಂದ ಸೊರಬಕ್ಕೆ ಹೋಗೋ ಟೈಮನ್ನೂ ನೋಡಿದೆ. ಬಸ್ಸಿನ ಹಿಂದೆ, ದನಗಳ ಹಿಂದೆ, ತಿರುವಿನ ಹಿಂದೆ ತಿರುವು. ನಮ್ಮ ಟರ್ಬೊಗೂ ಓಮ್ನಿಗೂ ಮಧ್ಯೆ ಇದ್ದ ವ್ಯತ್ಯಾಸ ಮೂರು ನಿಮಿಷ.

ಆಮೇಲೆ ಅಜ್ಜಿನ ಒಂದೊಂದೇ ಗಾಡಿಯ ಹಿಂದಿನ ಸೀಟಲ್ಲಿ ಕೂರಿಸಿ ಕೆರೆ ತನಕ ಕರ್ಕೊಂಡು ಹೋದೆ. "ಅಜ್ಜಿ, ಹತ್ತಕ್ಕೆ ಎಷ್ಟು ಮಾರ್ಕ್ಸ್?" ಅಂತ ಕೇಳಿದೆ. ಸಾದಾ ಕಾರೇ ಗೆಲ್ಲುತ್ತೆ ಅಂತ ನನಗೆ ಖಾತ್ರಿ, ಗ್ರಾಫ್ ಇದೆಯಲ್ಲ. ಅಜ್ಜಿ ಓಮ್ನಿಗೆ 9 ಕೊಟ್ರು. ಸಾದಾ ಕಾರಿಗೆ 6, ನಮ್ಮದಕ್ಕೆ 4.

"ಅಜ್ಜಿ, ಓಮ್ನಿ ಎಲ್ಲಕ್ಕಿಂತ ಜಾಸ್ತಿ ಕುಲುಕುತ್ತೆ. ನೋಡಿ ಇಲ್ಲಿ, ಅಳತೆ ಮಾಡಿದೀನಿ" ಅಂತ ಫೋನ್ ತೋರಿಸಿದೆ.

"ಕುಲುಕ್ಲಿ ಬಿಡೇ. ಎತ್ತಿನಗಾಡೀಲಿ ಓಡಾಡಿದೋಳು ನಾನು. ಹತ್ತೋಕೆ ಇಳಿಯೋಕೆ ಇನ್ನೊಬ್ರನ್ನ ಕರೀಬೇಕಲ್ಲ, ಅದು ನಾಚ್ಕೆ."

ನನ್ನ ಹತ್ರ ಅದಕ್ಕೆ ಕಾಲಮ್ಮೇ ಇರಲಿಲ್ಲ. ಗ್ರಾಫ್ ಪುಸ್ತಕದಲ್ಲೂ ಇಲ್ಲ, ಮ್ಯಾಗಜೀನ್ ಟೇಬಲಲ್ಲೂ ಇಲ್ಲ, ಫೈಫಾಕ್ಸಲ್ಲೂ ಇಲ್ಲ. ಮೊದಲನೇ ಸಲ ತೂಕ ತಪ್ಪಿಟ್ಟಿದ್ದೆ. ಎರಡನೇ ಸಲ ಅಳತೆ ಪಕ್ಕಾ ಇತ್ತು, ಆದ್ರೆ ಏನನ್ನ ಅಳೀಬೇಕು ಅಂತ ಮತ್ತೆ ನಾನೇ ತೀರ್ಮಾನ ಮಾಡಿದ್ದೆ. ಅಜ್ಜಿಗೆ ನೋವು ಅಂದ್ರೆ ಕುಲುಕೋದು ಅಂತ ನಾನು ಅಂದ್ಕೊಂಡಿದ್ದೆ. ಅಜ್ಜಿಗೆ ಅದಕ್ಕಿಂತ ದೊಡ್ಡ ವಿಷಯ ಬಾಗಿಲು.

ಇದನ್ನ ಓದಿ ಎಲ್ಲರೂ ಓಮ್ನಿ ತಗೊಳ್ಳಿ ಅಂತ ಹೇಳ್ತಿಲ್ಲ. ಅದನ್ನ 2019ರಲ್ಲೇ ನಿಲ್ಲಿಸಿದಾರೆ. ಏರ್‌ಬ್ಯಾಗ್ ಇಲ್ಲ, ಮುಂದೆ ಕೂತವರ ಕಾಲಿಗೂ ಬಂಪರಿಗೂ ಮಧ್ಯೆ ಜಾಗವೇ ಇಲ್ಲ. ಸುರಕ್ಷತೆ ಅಂತ ಕಾಲಮ್ ಹಾಕಿದ್ರೆ ಅದಕ್ಕೆ ನಾನೇ ಸೊನ್ನೆ ಕೊಡ್ತೀನಿ. ಹಾಟ್ ಹ್ಯಾಚ್ ಕೆಟ್ಟದ್ದು ಅಂತಾನೂ ಅಲ್ಲ. ನನಗೆ ಇವತ್ತಿಗೂ ಅದರ ಮೇಲೆ ಪ್ರೀತಿ. ಮ್ಯಾಗಜೀನ್ ಕೂಡ ಬಿಟ್ಟಿಲ್ಲ, ಈಗ ಕೊನೇ ಪುಟ ಕೊನೆಗೇ ನೋಡ್ತೀನಿ ಅಷ್ಟೆ. ಎರಡು ಕಾರಿಗೂ 0.2 ಸೆಕೆಂಡ್ ವ್ಯತ್ಯಾಸ ಇದೆ ಅಂದ್ರೆ ನಗು ಬರುತ್ತೆ. ಟರ್ಬೊ ಎಂಜಿನ್ನಿಗೆ ಗಾಳಿ ಬಿಸಿ ಆದಷ್ಟೂ ಶಕ್ತಿ ಕಡಿಮೆ, ಬೆಳಿಗ್ಗೆ ಓಡಿದ ಕಾರಿಗೂ ಮಧ್ಯಾಹ್ನ ಓಡಿದ ಕಾರಿಗೂ ಅಷ್ಟು ವ್ಯತ್ಯಾಸ ಹಾಗೇ ಬರಬಹುದು. ಕ್ಯಾಂಟೀನಿನ ಗೆಳೆಯರೇ, ನಿಮ್ಮ ಜಗಳಕ್ಕೆ ನನ್ನ ಉತ್ತರ ಇದು: ಆ ಎರಡು ಮ್ಯಾಗಜೀನುಗಳೂ ಸರಿ. ಅವರು ಯಾವುದಕ್ಕೆ ಎಷ್ಟು ತೂಕ ಕೊಟ್ಟಿದಾರೆ ನೋಡಿ, ಆಮೇಲೆ ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ ಅಂತ ಮನೇಲಿ ಕೇಳಿ.

ನಮ್ಮ ಕಾರು ಇನ್ನೂ ಮಾರಿಲ್ಲ. ಮುಂದಿನ ಸಲ ಶುಂಠಿಗೆ ರೇಟ್ ಬಂದ್ರೆ ನೋಡೋಣ ಅಂತಾರೆ ಅಪ್ಪ. ಅಲ್ಲಿ ತನಕ ಅಮ್ಮ ಒಂದು ದಾರಿ ಕಂಡುಹಿಡಿದಿದಾರೆ. ಮುಂದಿನ ಬಾಗಿಲು ದೊಡ್ಡದು. ಎಡಗಡೆ ಸೀಟನ್ನ ಪೂರ್ತಿ ಹಿಂದಕ್ಕೆ ಸರಿಸಿ, ಮೇಲೊಂದು ದಪ್ಪ ದಿಂಬು ಹಾಕಿದ್ರೆ ಅಜ್ಜಿ ಕೋಲು ಊರಿಕೊಂಡು ತಾವೇ ಕೂರ್ತಾರೆ. ಇಷ್ಟು ಸುಲಭದ ಉಪಾಯ ಮೆಕ್ಯಾನಿಕಲ್ ಓದೋ ನನಗೆ ಹೊಳೆದಿರಲಿಲ್ಲ.

ಹೋದ ಮಳೆಗಾಲದಲ್ಲಿ ಹಾಗೇ ಕೂರಿಸಿಕೊಂಡು ನಾನೇ ಓಡಿಸ್ತಾ ಕೆರೆಗೆ ಕರ್ಕೊಂಡು ಹೋಗಿದ್ದೆ. ಗೂಡುಗಳ ತುಂಬಾ ಮರಿ ಇದ್ವು. ಅಜ್ಜಿ ಗ್ಲಾಸ್ ಇಳಿಸಿ ಬಹಳ ಹೊತ್ತು ನೋಡಿದ್ರು. ವಾಪಸ್ ಬರ್ತಾ ನಾನು ಕೇಳದೇನೇ ಹೇಳಿದ್ರು, "ಇವತ್ತು ಏಳು."

"ಇನ್ನು ಮೂರು ಯಾಕೆ ಕಟ್ ಮಾಡಿದ್ರಿ ಅಜ್ಜಿ?"

"ಇಳಿಯೋದು ಇನ್ನೂ ಬಾಕಿ ಐತಲ್ಲ" ಅಂದ್ರು.